ಒದ್ದರಷ್ಟೇ ಏಳುವುದು

ಸ್ವಾನ್ಸಿಯ ಏರುದಾರಿಯಲ್ಲಿ ಅಂದು
ಮೂರು ಅಂಗಡಿ ಹತ್ತಿಳಿದೆವು.

ಮೊದಲನೆಯದರಲ್ಲಿ ಎಲ್ಲವೂ ಸಾಲಾಗಿ ನಿಂತು ಹೊಳೆಯುತ್ತಿದ್ದವು,
ಗಿಳಿಹಸಿರು, ನೇರಳೆ, ಮದುವೆಮನೆಯ ಹುಡುಗಿಯರ ಹಾಗೆ.
ತಂತಿಯಿಲ್ಲ, ಚೀಲವಿಲ್ಲ, ಸದ್ದೂ ಇಲ್ಲ ಅಂದ ಹುಡುಗ.
ಬೆಲೆ ಕೇಳಿದೆ. ಬಾಡಿಗೆಯ ಮುಕ್ಕಾಲು.
ಒಮ್ಮೆ ಚಾರ್ಜು ಮಾಡಿದರೆ ನಲವತ್ತು ನಿಮಿಷ,
ಜೋರು ಮಾಡಿದರೆ ಎಂಟೇ ಅಂತೆ.
ಎಂಟು ನಿಮಿಷಕ್ಕೆ ನಮ್ಮ ಮೆಟ್ಟಿಲೂ ಮುಗಿಯೋದಿಲ್ಲ
ಅಂದ ಕಲ್ಮೇಶ, ಕನ್ನಡದಲ್ಲಿ, ನಗುತ್ತ.

ಎರಡನೆಯದರಲ್ಲಿ ವ್ಯಾಟು ಹೆಚ್ಚಿದ್ದರೆ ಎಳೆತ ಹೆಚ್ಚೇ ಅಂದರೆ
ಪೆಟ್ಟಿಗೆಯ ಮೇಲಿದ್ದುದನ್ನೇ ನಮಗೆ ಓದಿ ಹೇಳಿದರು.

ಮೂರನೆಯದು ಅಂಗಡಿಯಲ್ಲ, ರಿಪೇರಿಯ ಗವಿ.
ಕನ್ನಡಕದ ಕಡ್ಡಿಗೆ ತಾಮ್ರದ ತಂತಿ ಸುತ್ತಿಕೊಂಡ ಗ್ವಿಲಿಮ್
ಬೆಲೆ ಹೇಳಲಿಲ್ಲ, ಜಾತಕ ಕೇಳಿದ:
ನೆಲ ಕಾರ್ಪೆಟ್ಟೋ, ಹಲಗೆಯೋ? ಮೆಟ್ಟಿಲೆಷ್ಟು?
ಯಾರಿಗೆ ಕೆಮ್ಮು? ಯಾರ ಕೂದಲು ಉದ್ದ?
ನಾನು ತುರುಬು ಬಿಚ್ಚಿ ತೋರಿಸಿದೆ.
ಓಹೋ, ಬ್ರಶ್ಶನ್ನೇ ತಿನ್ನುವ ಕೂದಲು ಅಂದ.

ಮೂಲೆಯಿಂದ ಎಳೆದು ತಂದ, ಕೆಂಪಗೆ, ಗುಂಡಗೆ,
ಗಾಲಿ ಹಚ್ಚಿದ ಕುಂಬಳಕಾಯಿಯಂಥದ್ದನ್ನು.
ಡಬ್ಬಿಯಿಂದ ಸಮುದ್ರದ ಮರಳು ಮುಷ್ಟಿ ತುಂಬ ತೆಗೆದು
ತುಂಡು ಕಾರ್ಪೆಟ್ಟಿಗೆ ಚೆಲ್ಲಿ, ಕಾಲಿಂದ ತಿಕ್ಕಿ,
ಒಂದೇ ಎಳೆತಕ್ಕೆ ಇಲ್ಲವಾಗಿಸಿದ.
ಚೀಲದ್ದೇ ತಗೋ. ಡಬ್ಬಿಯದಾದರೆ
ಹಿಡಿದ ಧೂಳೆಲ್ಲ ಸುರಿಯುವಾಗ ಮತ್ತೆ ನಿನ್ನ ಮುಖಕ್ಕೇ.
ಮೂವತ್ತೈದು ಪೌಂಡು.
ಮತ್ತೆ, ದನಿ ತಗ್ಗಿಸಿ:
ಕಾದಾಗ ಸ್ವಲ್ಪ ನಾಯಿ ವಾಸನೆ ಬರುತ್ತದೆ.
ಚೀಲ ಹೊಸದು, ಫಿಲ್ಟರ್ ಹೊಸದು, ಆದರೂ.
ಕೊಟ್ಟವಳು ಅದಕ್ಕೇ ಕೊಟ್ಟಳು,
ನಾಯಿ ಹೋದ ಮೇಲೆ.

ಕಸಬರಿಗೆಗೆ ಕಾಲು ತಾಗಿದರೆ
ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯವಳು ನಾನು.
ಇದೋ, ಒದ್ದರಷ್ಟೇ ಏಳುವುದು.
ಮೊದಲ ವಾರ ಬಗ್ಗಿ ಬಗ್ಗಿ ಕೈಯಿಂದಲೇ ಒತ್ತಿದೆ,
ಆಮೇಲೆ ಸೊಂಟ ಹೇಳಿದ್ದನ್ನು ಕೇಳಿದೆ.

ದೀಪಾ ಹಚ್ಚಿದ ಮ್ಯಾಲ ಕಸಾ ಹೊಡದ್ರ
ಲಕ್ಷ್ಮೀ ಹೊರಗ ಹೋಗ್ತಾಳ ಅನ್ನುತ್ತಿದ್ದಳು ದೊಡ್ಡವ್ವ.
ಡಿಸೆಂಬರಿನಲ್ಲಿ ಇಲ್ಲಿ ದೀಪ ಹಚ್ಚುವುದು ನಾಲ್ಕಕ್ಕೆ.
ಎಂಟಾದರೆ ಕೆಳಮನೆಯ ಮೇವಿಸ್
ಕೋಲಿನಿಂದ ನಮ್ಮ ನೆಲ ಕುಟ್ಟುತ್ತಾಳೆ.
ಆಸ್ಪತ್ರೆಯಿಂದ ನಾನು ಬರುವುದು ಐದಕ್ಕೆ.
ಹೀಗಾಗಿ ಲಕ್ಷ್ಮಿಗೂ ಮೇವಿಸ್‌ಗೂ ನಡುವೆ
ದಿನಕ್ಕಿಷ್ಟು ಪಾಪ ಕಟ್ಟಿಕೊಳ್ಳುತ್ತೇನೆ.

ಶುರು ಅಡುಗೆಮನೆಯಿಂದ.
ಒಗ್ಗರಣೆಯಿಂದ ಸಿಡಿದ ಸಾಸಿವೆ
ಕೊಳವೆಯೊಳಗೆ ಟಿಣಿಟಿಣಿ ಏರುವುದನ್ನು ಕೇಳಲಿಕ್ಕೆ.
ಆಮೇಲೆ ಮೆಟ್ಟಿಲು, ಮೇಲಿನಿಂದ ಕೆಳಗೆ,
ಎಡಗೈಯಲ್ಲಿ ಅದನ್ನು ಮಗುವಿನಂತೆ ಸೊಂಟಕ್ಕೆ ಆನಿಸಿ.
ಹದಿನಾಲ್ಕು ಮೆಟ್ಟಿಲಿಗೆ ಅದು ಕಾಯುತ್ತದೆ,
ಕಾದು ಉಸಿರು ಬಿಡುತ್ತದೆ:
ಒದ್ದೆ ಕಂಬಳಿ, ಹಳೇ ಬಿಸ್ಕತ್ತು, ಬಿಸಿಲಲ್ಲಿ ಮಲಗಿದ ಬೆನ್ನು.
ಕಲ್ಮೇಶ ಕಿಟಕಿ ತೆಗೆಯುತ್ತಾನೆ.
ಚಳಿ ಅಂತ ನಾನು ಮುಚ್ಚುತ್ತೇನೆ.

ಜನವರಿಯಲ್ಲಿ ಮೂಗುಬೊಟ್ಟು ಕಳೆಯಿತು.
ಪೇಪರು ಹಾಸಿ, ಚೀಲ ಕೊಯ್ದು,
ಬೂದು ಉಣ್ಣೆಯಂಥ ನಮ್ಮ ಎರಡು ತಿಂಗಳನ್ನು
ಹಿಂಜಿ ಹಿಂಜಿ ನೋಡಿದೆ.
ನನ್ನದೇ ಕೂದಲಿನ ಉಂಡೆ, ಕಾಲುಚೀಲದ ನೂಲು,
ಬಸ್ಸಿನ ಚೀಟಿಯ ತುದಿ, ಸಾಸಿವೆ, ಸಾಸಿವೆ.
ಮೂಗುಬೊಟ್ಟು ಇಲ್ಲ.
ಗಿಡ್ಡ, ಬಿರುಸು, ಬಿಳಿ ಕೂದಲು ಎರಡು.
ಯಾವ ಸಂದಿಯಲ್ಲಿ ಕಚ್ಚಿಕೊಂಡಿದ್ದವೋ ಇಷ್ಟು ದಿನ.
ನಮ್ಮಿಬ್ಬರಲ್ಲಿ ಯಾರಿಗೂ ಇನ್ನೂ ನರೆತಿಲ್ಲ.

ನಿನ್ನೆ ಹದಿನಾಲ್ಕೂ ಮೆಟ್ಟಿಲು ಇಳಿದೆ.
ಕಾದಿತ್ತು. ಬಗ್ಗಿ, ಗಾಳಿ ಬಿಡುವಲ್ಲಿ ಮೂಗಿಟ್ಟೆ.
ಬರೀ ಬಿಸಿ ಪ್ಲಾಸ್ಟಿಕ್ಕು.
ಇನ್ನೊಮ್ಮೆ ಮೇಲೆ ಹೋಗಿ, ಗುಡಿಸಿದ್ದನ್ನೇ ಗುಡಿಸುತ್ತ ಇಳಿದೆ.
ಊಹೂಂ.
ಗ್ವಿಲಿಮ್‌ನನ್ನು ಹೆಸರಾದರೂ ಕೇಳಬಹುದಿತ್ತು.

ಕೊಳವೆ ಹಿಡಿದು ಹಾಲಿಗೆ ನಡೆದೆ.
ಹಿಂದೆ ಬಾಗಿಲ ಮೂಲೆಗೆ ಸಿಕ್ಕಿಕೊಂಡು ನಿಂತಿತು,
ದಿನಾ ನಿಲ್ಲುವ ಹಾಗೆಯೇ.
ಬಾರೋ, ಅಂದೆ.
ಬಂತು.